ದಣಿವಿನ ಮುಯ್ಯಿ

ಒಬ್ಬರ ದಣಿವನ್ನು ಇನ್ನೊಬ್ಬರು ಹೊರುವ ಹಾಗಿದ್ದರೆ ಹೇಗೆ ಅಂತ ಯಾವ ಪುಣ್ಯಾತ್ಮನಿಗೆ ಮೊದಲು ಹೊಳೆಯಿತೋ, ಅವನು ಸಿಕ್ಕರೆ ನನಗೆ ನಾಲ್ಕು ಮಾತು ಕೇಳುವುದಿದೆ. ಸಿಗುವುದಿಲ್ಲ ಬಿಡಿ. ಅಂಥವರು ಯಾವಾಗಲೂ ತಂಪು ಕೋಣೆಯಲ್ಲೇ ಇರುತ್ತಾರೆ. ಅವರ ಬುದ್ಧಿವಂತಿಕೆ ಬಂದು ಬೀಳುವುದು ಮಾತ್ರ ಸುರಗಿಹಾಳದಂಥ ಊರಿನ ಮೇಲೆ, ಬೇಸಿಗೆಯಲ್ಲಿ ಕಾಗೆ ಕೂಡ ನೆಲಕ್ಕಿಳಿಯದ ನಮ್ಮ ಭೀಮಾ ದಂಡೆಯ ಮೇಲೆ.

ನಾನು ಕಸ್ತೂರಿ. ವಿದ್ಯುತ್ ಕಂಪನಿಯ ಲೈನ್ ಗ್ಯಾಂಗಿನಲ್ಲಿ ವ್ಯಾನಿನೊಳಗೆ ಕೂತು ಪರದೆ ನೋಡುವವಳು. ಟವರ್ ಹತ್ತುವುದಿಲ್ಲ, ತಂತಿ ಎಳೆಯುವುದಿಲ್ಲ. ಅದಕ್ಕೇ ನನಗೆ ಪಟ್ಟಿ ಕೊಟ್ಟಿರಲಿಲ್ಲ. ಉಳಿದವರಿಗೆಲ್ಲ ಕುತ್ತಿಗೆಯ ಹಿಂದೆ, ಕೂದಲಿನ ಅಂಚಿಗೆ ತಾಗುವ ಹಾಗೆ, ಬೆರಳಗಲದ ಒಂದು ಪಟ್ಟಿ ಅಂಟಿಸಿದ್ದರು.

ಅದು ಮಾಡುವ ಕೆಲಸ ಇಷ್ಟೇ. ದಣಿವು ಅನ್ನುವುದು ಕಾಲಲ್ಲೂ ಇಲ್ಲ, ತೋಳಲ್ಲೂ ಇಲ್ಲವಂತೆ. ಅಲ್ಲಿಂದ ಸುದ್ದಿ ಹೋಗುತ್ತದೆ, ಅದನ್ನು ಕೇಳಿ "ಸಾಕು, ಕೂತ್ಕೋ" ಅನ್ನುವುದು ಮಿದುಳು. ಪಟ್ಟಿ ಆ ಸುದ್ದಿಯನ್ನು ದಾರಿಯಲ್ಲೇ ತಡೆದು, ಇನ್ನೊಬ್ಬರ ಪಟ್ಟಿಗೆ ದಾಟಿಸುತ್ತದೆ. ಸಿದ್ರಾಮ ಕಾಕಾ ಟವರ್ ಹತ್ತುತ್ತಾರೆ, ಕೆಳಗೆ ನೆರಳಲ್ಲಿ ಕೂತ ಇಮಾಮನ ಮೊಣಕಾಲು ನಡುಗುತ್ತದೆ. ಒಟ್ಟು ದಣಿವು ಒಂದು ಚಿಟಿಕೆಯೂ ಕಡಿಮೆ ಆಗುವುದಿಲ್ಲ, ಹೊರುವವರು ಬೇರೆ ಆಗುತ್ತಾರೆ ಅಷ್ಟೇ. ಕೆಲಸ ಮುಗಿದು ಪಟ್ಟಿ ಬಿಚ್ಚಿದರೂ ಹಂಚಿಕೆ ಹಾಗೇ ಇರುತ್ತಿತ್ತು. ಒಂದು ನಿದ್ದೆ ತೆಗೆದ ಮೇಲೇ ಅವರವರ ಮೈ ಅವರವರಿಗೆ ವಾಪಸ್.

ಒಂದು ಒಳ್ಳೆಯ ನಿಯಮ ಇತ್ತು. ತನ್ನ ದಣಿವನ್ನು ಇನ್ನೊಬ್ಬರ ಮೇಲೆ ಹೇರಲು ಬರುತ್ತಿರಲಿಲ್ಲ. ಇನ್ನೊಬ್ಬರದನ್ನು ಎಳೆದುಕೊಳ್ಳಲು ಮಾತ್ರ ಬರುತ್ತಿತ್ತು. ಮುಂಗೈ ಗಡಿಯಾರದಲ್ಲಿ ಹೆಸರು ಆರಿಸಿದರೆ ಆಗ ಅವರಲ್ಲಿರುವ ದಣಿವು ಕಾಣುತ್ತಿತ್ತು, ಬೇಕಾದಷ್ಟು ಆರಿಸಿ ಒತ್ತಿದರೆ ಆಯಿತು. ಮತ್ತೆ ಒತ್ತಿದರೆ ಮುಂದಿನದು ಬರುವುದು ನಿಲ್ಲುತ್ತಿತ್ತು, ಆಗಲೇ ಹೊತ್ತದ್ದು ಉಳಿಯುತ್ತಿತ್ತು. ಯಾರು ಯಾರದನ್ನು ಎಳೆದುಕೊಂಡರು ಅನ್ನುವುದು ಮಾತ್ರ ಯಾರಿಗೂ, ನನ್ನ ಪರದೆಗೂ ಗೊತ್ತಾಗಬಾರದು ಅಂತ ಯೂನಿಯನ್ನಿನವರು ಹಟ ಹಿಡಿದು ಮಾಡಿಸಿದ್ದರು. ಇವನನ್ನು ನಾಲ್ಕು ಜನ ಹೊರುತ್ತಿದ್ದಾರೆ ಅಂತ ಸಾಹೇಬರಿಗೆ ತಿಳಿದರೆ ಅವನನ್ನು ಮನೆಗೆ ಕಳಿಸುತ್ತಾರಲ್ಲ, ಅದಕ್ಕೆ. ಯಾರು ಎಷ್ಟು ದಣಿದಿದ್ದೇನೆ ಅಂತ ಅಂದುಕೊಂಡಿದ್ದಾರೆ, ಒಳಗಿನ ಕಾವು ಎಷ್ಟಿದೆ, ಎದೆಬಡಿತ ಎಷ್ಟಿದೆ, ಇಷ್ಟು ನನಗೆ ಕಾಣುತ್ತಿತ್ತು.

ಕಂಪನಿ ಇದಕ್ಕೊಂದು ಮಾರುದ್ದ ಹೆಸರು ಇಟ್ಟಿತ್ತು. ನಮ್ಮವರು ಮೊದಲ ವಾರವೇ ಅದನ್ನು ತೆಗೆದು ಬಿಸಾಕಿ ಮುಯ್ಯಿ ಪಟ್ಟಿ ಅಂದರು. ಹೊಲದ ಮುಯ್ಯಾಳು ಗೊತ್ತಲ್ಲ? ನಿನ್ನ ಹೊಲಕ್ಕೆ ನಾನು, ನನ್ನ ಹೊಲಕ್ಕೆ ನೀನು. ಅದೇ ಇದು. ರಂಜಾನ್ ತಿಂಗಳಲ್ಲಿ ಇಮಾಮ್‌ಸಾಬ್ ರೋಜಾ ಇರುತ್ತಿದ್ದ, ಅವನ ದಣಿವನ್ನು ಉಳಿದವರು ಎಳೆದುಕೊಳ್ಳುತ್ತಿದ್ದರು. ಶ್ರಾವಣ ಸೋಮವಾರ ಬಂದರೆ ಲಚಮಪ್ಪ ಉಪವಾಸ, ಅವತ್ತು ಇಮಾಮನ ಸರದಿ. ಗುರುನಾಥನಿಗೆ ಕೂಸು ಹುಟ್ಟಿ ನಿದ್ದೆ ಇಲ್ಲದೆ ಕಣ್ಣು ಕೆಂಪಾಗಿದ್ದಾಗ ಗ್ಯಾಂಗಿಗೆ ಗ್ಯಾಂಗೇ ಅವನದನ್ನು ಹೊತ್ತಿತು. ಮತ್ತೆ ಇದರಲ್ಲೊಂದು ಮರ್ಯಾದೆ ಇತ್ತು. ಯಾರೂ ಬಾಯಿ ಬಿಡುತ್ತಿರಲಿಲ್ಲ. "ನಿನ್ನದನ್ನು ನಾ ತಗೊಂಡೆ" ಅಂತ ಹೇಳಿದರೆ ಮಾಡಿದ್ದೆಲ್ಲ ಹಾಳು, ಹಂಗಿಸಿದ ಹಾಗೆ. ಕೇಳಿದರೆ "ನಾನಲ್ಲಪಾ, ಗಾಳಿ ತಂಪದ ಇವತ್ತು" ಅಂದು ನಗಬೇಕು. ಕೇಳಿದವನೂ ನಂಬಿದ ಹಾಗೆ ಮಾಡಬೇಕು.

ಈ ಗ್ಯಾಂಗಿನ ಯಜಮಾನಿ ನೀಲಾಂಬಿಕಾ. ಕಾಗದದ ಮೇಲೆ ಕಿರಿಯ ಎಂಜಿನಿಯರ್, ನಮ್ಮ ಬಾಯಲ್ಲಿ ನೀಲಕ್ಕ. ಕ್ವಾರ್ಟರ್ಸಿನಲ್ಲಿ ನನ್ನ ಮನೆ ಅವರ ಮನೆ ನಡುವೆ ಒಂದೇ ಗೋಡೆ, ಅದೂ ತೆಳು. ಸಂಜೆ ಅವಳು ಮೆಟ್ಟಿಲ ಮೇಲೆ ಧಪ್ ಅಂತ ಕೂತ ಸದ್ದು ಕೇಳಿದರೆ ಅವಳ ಗಂಡ ರಾಜಶೇಖರ ಮಾಸ್ತರು ಚಹಾ ತರುತ್ತಾ ಒಂದೇ ಪ್ರಶ್ನೆ ಕೇಳುತ್ತಿದ್ದರು.

"ಇವತ್ತ ಯಾರದು ತಂದಿ?"

"ಇಮಾಮಂದು. ರೋಜಾ ಅಲ್ಲೇನು."

"ಮಗಳು ಎರಡು ಜಡಿ ಹಾಕಸ್ಕೋಬೇಕಂತ ಕಾಯ್ಲಕತ್ತದ."

"ಕೈ ಮ್ಯಾಲ ಎತ್ತಲಾಕ ಆಗವಲ್ದುರಿ. ನೀವೇ ಹಾಕ್ರಿ."

ಮಾಸ್ತರು ಹಾಕುತ್ತಿದ್ದರು. ಆ ಹುಡುಗಿಯ ಜಡೆ ಒಂದು ಮೇಲೆ ಒಂದು ಕೆಳಗೆ ಇರುತ್ತಿತ್ತು. ಒಂದು ಸಲ ನಾನೇ ತಡೆಯಲಾಗದೆ ನೀಲಕ್ಕನಿಗೆ ಬೈದೆ. "ಮಂದಿ ದಣಿವು ಮನಿಗಿ ತರ್ತಿ, ಮನಿಯವರಿಗಿ ಏನು ಉಳಸ್ತಿ ನೀನು?" ಅವಳು ನಕ್ಕಳು. "ಕಸ್ತೂರಿ, ನಾನು ಮ್ಯಾಲ ಹತ್ತೋದಿಲ್ಲ. ಕೆಳಗ ನಿಂತು ಹತ್ತು ಅಂತ ಹೇಳ್ತೀನಿ. ಹೇಳೋಳಿಗಿ ಇಷ್ಟಾದ್ರೂ ಬ್ಯಾಡೇನು?" ಅವಳ ಮೇಲೆ ಸಿಟ್ಟು ಮಾಡಿಕೊಂಡರೂ ಹೆಚ್ಚು ಹೊತ್ತು ಉಳಿಯುತ್ತಿರಲಿಲ್ಲ.

ಆ ಮೇ ತಿಂಗಳು ಎದ್ದ ಧೂಳುಗಾಳಿಗೆ ಹೊಳೆಯ ಆಚೆಯ ಟವರುಗಳು ಸಾಲಾಗಿ ಮಲಗಿಬಿಟ್ಟವು. ಊರಿಗೆ ಬರುವ ದೊಡ್ಡ ಲೈನು ಅದೊಂದೇ. ಕರೆಂಟು ಹೋಯಿತು, ಅದರ ಹಿಂದೆ ನೀರೂ ಹೋಯಿತು. ಬಿಸಿಲು ಹೇಗಿತ್ತು ಅಂದರೆ ಪೇಟೆಯಲ್ಲಿ ಬಾಗಿಲ ಚಿಲಕ ಮುಟ್ಟಲು ಬಟ್ಟೆ ಬೇಕಾಗುತ್ತಿತ್ತು. ಮೊದಲು ಮುದುಕರು ಹೋದರು. ಹಾಸಿಗೆ ಮೇಲೆ ಮಲಗಿದವರು ಮಲಗಿದ ಹಾಗೇ. ಆಮೇಲೆ ಬಾಣಂತಿಯರ ಸುದ್ದಿ ಬರತೊಡಗಿತು. ಆಸ್ಪತ್ರೆಯ ಜನರೇಟರ್ ಬಿಟ್ಟು ಬಿಟ್ಟು ಓಡುತ್ತಿತ್ತು. ಸರಕಾರದ ಕಾಯಿದೆ ಪ್ರಕಾರ ಅಂಥ ಬಿಸಿಲಲ್ಲಿ ಮಧ್ಯಾಹ್ನ ಯಾರೂ ಹೊರಗೆ ದುಡಿಯುವ ಹಾಗಿಲ್ಲ. ಆದರೆ ಪಟ್ಟಿ ಇದ್ದವರಿಗೆ ಕಾಯಿದೆಯಲ್ಲಿ ಸಡಿಲಿಕೆ ಕೊಟ್ಟಿದ್ದರು. ದಣಿವೇ ಆಗದವರಿಗೆ ಬಿಸಿಲೆಲ್ಲಿಯದು ಅಂತ ಯಾವನೋ ಸಾಹೇಬ ಬರೆದಿರಬೇಕು.

ಬೇರೆ ಗ್ಯಾಂಗುಗಳು ದೂರದ ಟವರುಗಳನ್ನು ಎಬ್ಬಿಸಿ ನಿಲ್ಲಿಸಿ ಹೋದವು. ಹೊಳೆಯಿಂದ ಊರಿನವರೆಗೆ ತಂತಿ ಎಳೆದು ಕಟ್ಟುವ ಕೆಲಸ ನಮಗೆ ಬಂತು. ಹೊರಡುವ ಮುಂಚೆ ನೀಲಕ್ಕ ಎಲ್ಲರನ್ನೂ ವ್ಯಾನಿನ ಹತ್ತಿರ ಸೇರಿಸಿಕೊಂಡು ಹೇಳಿದಳು, "ನೋಡ್ರಿ, ಮ್ಯಾಲಿನವರು ಫೋನ್ ಮ್ಯಾಲ ಫೋನ್ ಮಾಡ್ಲಕತ್ತಾರ. ಮಾಡ್ಲಿ. ಅವರಿಗಿ ನಾ ಉತ್ತರ ಕೊಡ್ತೀನಿ. ನೀವು ನಿಮ್ಮ ಮೈ ನೋಡ್ಕೋರಿ. ಊರಿಗಿ ಕರೆಂಟ್ ಬೇಕು, ಖರೇ. ಆದ್ರ ನನಗ ನಿಮ್ಮನ್ನ ನಿಮ್ಮ ಮನಿಗಿ ಮುಟ್ಟಿಸೋದು ಮೊದಲು."

ಕೆಲಸ ಶುರುವಾಗಿ ಕೆಲವು ದಿನ ಕಳೆದಿದ್ದವು. ಎಲ್ಲರೂ ಸವೆದಿದ್ದರು, ಹೆಚ್ಚು ಸವೆದವರು ಸಿದ್ರಾಮ ಕಾಕಾ. ಗ್ಯಾಂಗಿಗೆ ಹಿರಿಯರು, ಟವರಿನ ತುದಿಯಲ್ಲಿ ಕೂತು ತಂತಿಯ ಹಿಡಿಕೆ ಬಿಗಿಯುವುದರಲ್ಲಿ ಅವರ ಕೈಚಳಕ ಬೇರೆ ಯಾರಿಗೂ ಬರುತ್ತಿರಲಿಲ್ಲ. ಇಮಾಮನಿಗೆ ಬೆಲ್ಟ್ ಕಟ್ಟುವುದನ್ನು ಕಲಿಸಿದವರು ಅವರು. ಲಚಮಪ್ಪನ ತಂಗಿಯ ಮದುವೆಗೆ ಗಂಡು ಹುಡುಕಿದವರು ಅವರು. ಗುರುನಾಥನ ಕೂಸಿಗೆ ಹೆಸರಿಟ್ಟವರೂ ಅವರೇ. ಆ ಕೊನೆಯ ದಿನ ಬೆಳಿಗ್ಗೆ ಅವರು ಜೀಪಿನಿಂದ ಇಳಿದಾಗ ಬಾಗಿಲು ಹಿಡಿದುಕೊಂಡು ಹಾಗೇ ನಿಂತುಬಿಟ್ಟರು. ಒಂದು ಕಾಲು ನೆಲಕ್ಕೆ, ಇನ್ನೊಂದು ಕಾಲು ಇನ್ನೂ ಒಳಗೆ. ಎಲ್ಲರೂ ನೋಡಿದೆವು. ಎಲ್ಲರೂ ಬೇರೆ ಕಡೆ ಮುಖ ತಿರುಗಿಸಿಕೊಂಡೆವು, ಅವರಿಗೆ ನಾಚಿಕೆ ಆಗಬಾರದು ಅಂತ.

ಪಟ್ಟಿ ಅಂಟಿಸಿಕೊಂಡು, ಚಹಾ ಕುಡಿದು ಕೆಲಸಕ್ಕೆ ನಿಂತ ಸ್ವಲ್ಪ ಹೊತ್ತಿಗೆ ಕಾಕಾ ಬೇರೆಯೇ ಮನುಷ್ಯ ಆಗಿದ್ದರು. ಬೆನ್ನು ನೆಟ್ಟಗಾಗಿತ್ತು. ಹೆಗಲಿಗೆ ಹಗ್ಗ ಹಾಕಿಕೊಂಡು ಸಿಳ್ಳೆ ಹೊಡೆಯುತ್ತಾ ಬಂದರು.

"ಏನ್ರೋ ಗಂಡಸರಾ, ಮಾರಿ ಯಾಕ ಜೋತು ಬಿದ್ದಾವ? ರಾತ್ರಿ ಯಾರ ಹೊಲದಾಗ ದುಡದ್ ಬಂದ್ರಿ?"

ಇಮಾಮ್‌ಸಾಬ್ ತಂತಿ ಎಳೆಯುವ ವಿಂಚಿಗೆ ಒರಗಿ ಕೂತಿದ್ದ. ಅಷ್ಟು ಮಾತಿನ ಮನುಷ್ಯ ಅವತ್ತು ಬರೀ ನಕ್ಕ. ಗುರುನಾಥ ಟವರಿನ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟು, ತೆಗೆದು, ಮತ್ತೆ ಇಟ್ಟು, "ಕಾಕಾ, ಕಾಲು ಯಾಕೋ ಏಳವಲ್ವು" ಅಂದ.

"ಸರಿ ಬಾ ಈ ಕಡಿ. ಇಪ್ಪತ್ತಾರರ ಹುಡಗ ಅಂತ ಹುಡಗ! ಮುದುಕ ಹತ್ತತಾನ, ನೀ ಕೆಳಗ ನಿಂತು ಬೋಲ್ಟ್ ಕಳಸು."

ಹಾಗೆ ಮೊದಲ ಟವರ್ ಕಾಕಾ ಹತ್ತಿದರು. ಎರಡನೆಯದನ್ನೂ ಅವರೇ. ಗುರುನಾಥನ ಸರದಿ ಬಂದಾಗ ಗುರುನಾಥನಿಗೆ ಆಗಲಿಲ್ಲ, ಲಚಮಪ್ಪನ ಸರದಿ ಬಂದಾಗ ಅವನು ಹಗ್ಗವನ್ನು ಕಾಕಾನ ಕೈಗೇ ಕೊಟ್ಟುಬಿಟ್ಟ. ನೀಲಕ್ಕ "ಕಾಕಾ, ಸ್ವಲ್ಪ ಕುಂದ್ರಿ" ಅಂದರೆ ಅವರು "ಯಾಕವ್ವಾ, ನನಗೇನಾಗೇದ?" ಅಂದರು. ನಿಜಕ್ಕೂ ಅವರಿಗೆ ಏನೂ ಆದ ಹಾಗೆ ಕಾಣುತ್ತಿರಲಿಲ್ಲ. ಖುಷಿಯಾಗಿದ್ದರು. ಅವರನ್ನು ಅಷ್ಟು ಖುಷಿಯಾಗಿ ನಾನು ನೋಡಿರಲಿಲ್ಲ.

ಪರದೆಯಲ್ಲಿ ಎಲ್ಲರ ದಣಿವಿನ ಗೆರೆ ಮೇಲೆ ಹತ್ತಿ ಕೂತಿತ್ತು, ಕಾಕಾನದು ಮಾತ್ರ ನೆಲ ಕಚ್ಚಿತ್ತು. ನಾನು ವ್ಯಾನಿನಿಂದ ತಲೆ ಹೊರಗೆ ಹಾಕಿ ನೀಲಕ್ಕನನ್ನು ಕರೆದೆ. "ಕಾಕಾನ ಪಟ್ಟಿ ಕೆಟ್ಟದೇನೋ ನೋಡು. ಗೆರಿ ಮ್ಯಾಲ ಏಳ್ಲಿಕ್ಕೇ ಒಲ್ದು."

ಅವಳು ತಗ್ಗಿದ ದನಿಯಲ್ಲಿ ಹೇಳಿದಳು, "ಕೆಟ್ಟಿಲ್ಲ. ನಾ ಸ್ವಲ್ಪ ಎಳಕೊಂಡೀನಿ. ಮುಂಜಾನಿ ನೋಡ್ದಿಲ್ಲೇನು ಅವರನ್ನ? ಯಾರ ಮುಂದೂ ಅನಬ್ಯಾಡ."

ಸರಿ, ಅಂತ ಸುಮ್ಮನಾದೆ. ಒಬ್ಬಳು ಎಳೆದುಕೊಂಡರೆ ಗೆರೆ ಅಷ್ಟು ಕೆಳಗೆ ಹೋಗುವುದಿಲ್ಲ ಅಂತ ಅವಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಅಷ್ಟರಲ್ಲಿ ಮೇಲಿನವರ ಫೋನು. ಎಷ್ಟು ಹೊತ್ತಿಗೆ ಲೈನ್ ಚಾರ್ಜ್ ಆಗುತ್ತದೆ, ತಂತಿಗೆ ಕರೆಂಟು ಬಿಡುವುದು ಯಾವಾಗ, ಮಂತ್ರಿಗಳು ಕೇಳುತ್ತಿದ್ದಾರೆ, ಆಸ್ಪತ್ರೆಯಲ್ಲಿ ಮತ್ತಿಬ್ಬರು ಹೋದರಂತೆ. ನೀಲಕ್ಕ ಕಣ್ಣು ಮುಚ್ಚಿಕೊಂಡು ಎಲ್ಲ ಕೇಳಿಸಿಕೊಂಡು, "ಒಂದೇ ಟವರ್ ಉಳದದ ಸರ್" ಅಂದಳು.

ಆ ಒಂದು ಟವರ್ ಊರ ಅಂಚಿನಲ್ಲಿತ್ತು. ಕಾಕಾ ಹತ್ತಿದರು. ಸೂರ್ಯ ನೆತ್ತಿಯ ಮೇಲಿದ್ದ. ಟವರಿನ ಮೊದಲ ತೋಳಿನ ತಂತಿ ಬಿಗಿದರು, ಎರಡನೆಯದನ್ನೂ ಬಿಗಿದರು. ಮೂರನೆಯ ತೋಳಿಗೆ ಹೋಗುವಾಗ ನಾನು ಪರದೆಯ ಇನ್ನೊಂದು ಮೂಲೆ ನೋಡಿದೆ. ಕಾಕಾನ ಒಳಗಿನ ಕಾವು ನೂರಾ ಐದು ಡಿಗ್ರಿ ತೋರಿಸುತ್ತಿತ್ತು. ಎದೆಬಡಿತ ಎಣಿಸಲಾಗದ ಹಾಗೆ ಓಡುತ್ತಿತ್ತು. ದಣಿವಿನ ಗೆರೆ ಮಾತ್ರ ಆಗಲೂ ನೆಲ ಕಚ್ಚಿಕೊಂಡೇ ಇತ್ತು.

ಚಪ್ಪಲಿಯನ್ನೂ ಹಾಕಿಕೊಳ್ಳದೆ ಇಳಿದು ಓಡಿದೆ. "ನೀಲಕ್ಕಾ, ಕಾಕಾನ ಮೈ ಕುದೀಲಕತ್ತದ. ಇಳಸು ಅವರನ್ನ. ಈಗಿಂದೀಗ ಇಳಸು!"

ಅವಳು ಮೊದಲು ಮಾಡಿದ್ದು ತನ್ನ ಮುಂಗೈ ಒತ್ತಿದ್ದು, ಕಾಕಾನಿಂದ ಎಳೆದುಕೊಳ್ಳುವುದನ್ನು ನಿಲ್ಲಿಸಿದಳು. ಆಮೇಲೆ ವೈರ್‌ಲೆಸ್ ಬಾಯಿಗೆ ಹಿಡಿದಳು.

"ಕಾಕಾ, ಇಳದ್ ಬರ್ರಿ. ಸಾಕು."

"ಒಂದೇ ಬೋಲ್ಟ್ ಅದವ್ವಾ."

"ಬೋಲ್ಟ್ ಹಾಳಾಗಿ ಹೋಗ್ಲಿ. ನಿಮ್ಮ ಮೈ ಸುಡ್ಲಕತ್ತದಂತ ಪರದಿ ಮ್ಯಾಲ ತೋರಸ್ತದ. ಇಳೀರಿ."

ಮೇಲಿನಿಂದ ನಗು ಕೇಳಿಸಿತು. "ಮೇ ತಿಂಗಳದಾಗ ಯಾರ ಮೈ ಸುಡೂದಿಲ್ಲ? ನೀಲಾ, ಭಾಳ ವರ್ಷ ಆದ ಮ್ಯಾಲ ಮೈ ನಂದು ನಂಗ ಸಿಕ್ಕಂಗಾಗೇದ. ಮೊಣಕಾಲ ಅದಾವೋ ಇಲ್ಲೋ ಅನ್ನೂದೇ ತಿಳಿವಲ್ದು. ಇಂಥಾ ದಿನಾ ಇಳಿ ಅಂತಿ ನೀನು!"

ಅವರು ಇಳಿಯಲು ಏನು ಬೇಕಿತ್ತು ಹೇಳಿ? ದಣಿವು ಬೇಕಿತ್ತು. ಅದೇ ಅವರ ಹತ್ತಿರ ಇರಲಿಲ್ಲ. ನೀಲಕ್ಕನಿಗೆ ಆಗ ಅರ್ಥವಾಯಿತು. ತಾನು ಬಿಟ್ಟ ಮೇಲೂ ಕಾಕಾನಿಗೆ ಏನೂ ಅನ್ನಿಸುತ್ತಿಲ್ಲ ಅಂದರೆ ಇನ್ನೂ ಯಾರೋ ಹಿಡಿದುಕೊಂಡಿದ್ದಾರೆ. ಅವಳು ವೈರ್‌ಲೆಸ್ಸಿನಲ್ಲೇ ಕೇಳಿಬಿಟ್ಟಳು.

"ಕಾಕಾನ ದಣಿವು ಯಾರು ಎಳಕೊಂಡೀರಿ? ಬಿಟ್ಟುಬಿಡ್ರಿ."

ಎಲ್ಲರ ಸೊಂಟದಲ್ಲೂ ಅದೇ ವೈರ್‌ಲೆಸ್ಸು, ಕಾಕಾನ ಸೊಂಟದಲ್ಲೂ. ಅವರು ಕೇಳಿಸಿಕೊಳ್ಳುತ್ತಿದ್ದಾರೆ. ಅವರೆದುರು ನಿಮ್ಮನ್ನು ನಾವು ಹೊತ್ತಿದ್ದೇವೆ ಅಂತ ಹೇಳುವುದು ಹೇಗೆ? ಗುರುನಾಥ "ನಾನಲ್ಲರಿ" ಅಂದ. ವಿಂಚಿನ ಕಡೆಯಿಂದ ಇಮಾಮ್, "ನಾನೂ ಅಲ್ರಿ ಅಕ್ಕಾ" ಅಂದ. ಲಚಮಪ್ಪ ಬರೀ "ಇಲ್ರಿ" ಅಂದ. ಬಿಟ್ಟರೆ ಕಾಕಾನಿಗೆ ಗೊತ್ತಾದೀತು ಅಂತ ಯಾರೂ ಮುಂಗೈಯನ್ನೂ ಮುಟ್ಟಲಿಲ್ಲ. ಇಂಥ ಹೊತ್ತಲ್ಲೂ ಮರ್ಯಾದೆ! ಈಗ ನೆನಪಾದರೂ ನನಗೆ ತಲೆ ಗೋಡೆಗೆ ಚಚ್ಚಿಕೊಳ್ಳೋಣ ಅನ್ನಿಸುತ್ತದೆ.

ಮೇಲಿನಿಂದ ಕಾಕಾನ ದನಿ ಮತ್ತೆ ಬಂತು, ಈ ಸಲ ಮೆತ್ತಗೆ, ಮನೆಯೊಳಗೆ ಕೂತು ಮಾತಾಡುವ ಹಾಗೆ. "ಕಲ್ಲಮ್ಮಾ, ಒಂದ್ ಚರಗಿ ನೀರ್ ತಾ. ಎಮ್ಮಿ ಕಟ್ಟಿ ಬರ್ತೀನಿ."

ಕಲ್ಲಮ್ಮ ಅವರ ಹೆಂಡತಿ. ಅವರ ಮನೆಯಲ್ಲಿ ಎಮ್ಮೆ ಇಲ್ಲ, ಕ್ವಾರ್ಟರ್ಸಿನಲ್ಲಿ ಯಾರೂ ಎಮ್ಮೆ ಕಟ್ಟುವುದಿಲ್ಲ. ಕಾವು ತಲೆಗೇರಿತ್ತು.

"ಗುರುನಾಥಾ, ಹತ್ತು," ಅಂದಳು ನೀಲಕ್ಕ. "ಅವರ ಬೆಲ್ಟಿಗಿ ಹಗ್ಗಾ ಹಾಕು. ಇಳಸೋಣು."

ಗುರುನಾಥ ಹತ್ತಿದ. ನಾಲ್ಕು ಮೆಟ್ಟಿಲು ಹೋದ, ಇನ್ನೂ ನಾಲ್ಕು ಹೋದ. ಅಲ್ಲೇ ಕಬ್ಬಿಣ ತಬ್ಬಿಕೊಂಡು ಕೂತುಬಿಟ್ಟ. ನಾನು ವ್ಯಾನಿಗೆ ವಾಪಸ್ ಓಡಿ ಪರದೆ ನೋಡಿದೆ. ಅವನ ತೋಳಿಗೆ ಏನೂ ಆಗಿರಲಿಲ್ಲ, ಅವನ ಎದೆಬಡಿತ ನನ್ನದಕ್ಕಿಂತ ನೆಟ್ಟಗಿತ್ತು. ಆದರೆ ಅವನೊಳಗೆ ಇದ್ದದ್ದು ಬೆಳಗಿನಿಂದ ಎಲ್ಲ ಟವರ್ ಹತ್ತಿ ಇಳಿದ ಮುದುಕನ ದಣಿವು. "ಅಕ್ಕಾ, ಆಗವಲ್ದು," ಅಂತ ಅಲ್ಲೇ ಅಳತೊಡಗಿದ. ಹತ್ತುವ ಮೈ ಇದ್ದವನಿಗೆ ಹತ್ತಲಾಗುತ್ತಿಲ್ಲ, ಮೈ ಮುಗಿದವನು ಮೇಲೆ ಸಿಳ್ಳೆ ಹೊಡೆಯುತ್ತಿದ್ದಾನೆ.

ಒಂದೇ ದಾರಿ ಉಳಿದಿತ್ತು. ನನ್ನ ಪರದೆಯ ಕೆಳಗೆ ಗಾಜಿನ ಮುಚ್ಚಳದೊಳಗೆ ಒಂದು ಕೆಂಪು ಗುಂಡಿ ಇದೆ. ಒತ್ತಿದರೆ ಎಲ್ಲರ ಪಟ್ಟಿಯ ಸಂಪರ್ಕ ಒಮ್ಮೆಗೇ ಕಡಿಯುತ್ತದೆ. ಎಲ್ಲರದೂ ಎಲ್ಲರಿಗೆ ವಾಪಸ್, ತಕ್ಷಣ. ಯಾರಾದರೂ ಎತ್ತರದಲ್ಲಿರುವಾಗ ಅದನ್ನು ಮುಟ್ಟಲೇಬಾರದು ಅಂತ ನಮಗೆ ತರಬೇತಿಯಲ್ಲಿ ಹೇಳಿ ಹೇಳಿ ಬಾಯಿಪಾಠ ಮಾಡಿಸಿದ್ದರು.

ನೀಲಕ್ಕ ವ್ಯಾನಿಗೆ ಹತ್ತಿ ಬಂದಳು. ಕಣ್ಣು ಆ ಗುಂಡಿಯ ಮೇಲೇ ಇತ್ತು.

"ಬ್ಯಾಡ ನೀಲಕ್ಕ," ಅಂದೆ. "ಮುಂಜಾನಿಂದ ಕೂಡಿದ್ದು ಒಮ್ಮಿಗೇ ಬೀಳ್ತದ ಅವರ ಮ್ಯಾಲ. ಎದಿ ತಡಕೊಳ್ಳೂದಿಲ್ಲ."

"ಹಂಗೇ ಬಿಟ್ರ?"

ಪರದೆ ನೋಡಿದೆ. ಕಾವು ನೂರಾ ಆರರ ಹತ್ತಿರ ಹೋಗಿತ್ತು. ಪರದೆಯನ್ನು ಅವಳ ಕಡೆ ತಿರುಗಿಸಿದೆ.

"ಕಾಕಾ," ಅವಳು ವೈರ್‌ಲೆಸ್ಸಿನಲ್ಲಿ ಕೇಳಿದಳು, ದನಿ ಅಲುಗಲಿಲ್ಲ. "ಬೆಲ್ಟ್ ಹಾಕ್ಕೊಂಡೀರೇನು?"

"ಹಾಕ್ಕೊಂಡೀನಿ, ಹಾಕ್ಕೊಂಡೀನಿ. ಬೋಲ್ಟ್ ಬಿಗೀತು ನೋಡವ್ವಾ. ಮುಗೀತು."

ನಾನು ಗಾಜಿನ ಮುಚ್ಚಳ ತೆಗೆದೆ, ಬೆರಳು ಗುಂಡಿಯ ಮೇಲಿಟ್ಟೆ. ನನ್ನ ಕೆಲಸ ಅದು. ನೀಲಕ್ಕ ನನ್ನ ಕೈ ಹಿಡಿದು ಪಕ್ಕಕ್ಕೆ ಸರಿಸಿದಳು. "ನೀ ತಗಿ ಕೈ. ಇದು ನಿನ್ನ ಮ್ಯಾಲ ಬರಬಾರದು." ಅಂದು ತಾನೇ ಒತ್ತಿದಳು.

ಮುಂದೆ ಆದದ್ದನ್ನು ಹೇಳಲು ನನಗೆ ಹೇಸಿಗೆ ಆಗುತ್ತದೆ. ಎಲ್ಲರಿಗೂ ಹಗುರವಾಯಿತು. ಇಮಾಮ್‌ಸಾಬ್ ನೆಲದಿಂದ ಎದ್ದು ನಿಂತ, ಅವನ ಮುಖ ಒಂದು ಕ್ಷಣ ಅರಳಿದ್ದನ್ನು ನಾನೇ ನೋಡಿದೆ. ಲಚಮಪ್ಪ ಉದ್ದಕ್ಕೆ ಉಸಿರು ಬಿಟ್ಟ. ಗುರುನಾಥ ಕಣ್ಣೀರು ಒರೆಸಿಕೊಂಡು ಸರಸರ ಮೇಲಕ್ಕೆ ಹತ್ತಿದ. ನೀಲಕ್ಕನ ಹೆಗಲು ಕೂಡ ಇಳಿಯಿತು, ಇಳಿದದ್ದು ಗೊತ್ತಾಗಿ ಅವಳು ತನ್ನ ಬಾಯಿಗೆ ತಾನೇ ಕೈ ಒತ್ತಿಕೊಂಡಳು. ವೈರ್‌ಲೆಸ್ಸಿನಲ್ಲಿ ಕಾಕಾನ ದನಿ "ಅವ್ವಾ" ಅಂದಿತು, ಬಹಳ ಉದ್ದಕ್ಕೆ. ತಲೆ ಎತ್ತಿ ನೋಡಿದರೆ ಅವರು ಬೆಲ್ಟಿನಲ್ಲಿ ಜೋತುಬಿದ್ದಿದ್ದರು, ಬೋಲ್ಟ್ ಬಿಗಿಯುವ ಪಾನಾ ಕೈಯಿಂದ ಜಾರಿ ಕಬ್ಬಿಣಕ್ಕೆ ಬಡಿಯುತ್ತಾ ಕೆಳಗೆ ಬಂತು.

ಇಳಿಸಿದರು. ಇದ್ದ ನೀರೆಲ್ಲ ಅವರ ಮೇಲೆ ಸುರಿದೆವು. ನಮ್ಮ ಊಟದ ಡಬ್ಬಿಯ ತಂಪು ಚೀಲಗಳನ್ನು ಕಂಕುಳಿಗೆ ಇಟ್ಟೆವು. ವ್ಯಾನಿಗೆ ಹಾಕಿಕೊಂಡು ಲಚಮಪ್ಪ ಓಡಿಸಿದ, ನಾನು ಕಾಕಾನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತೆ. ನೀಲಕ್ಕ ಬರುವ ಹಾಗಿರಲಿಲ್ಲ. ಎಲ್ಲರೂ ಟವರಿನಿಂದ ಇಳಿದಿದ್ದಾರೆ, ಲೈನ್ ಚಾರ್ಜ್ ಮಾಡಬಹುದು ಅಂತ ಸ್ಥಳದಲ್ಲೇ ನಿಂತು ಹೇಳಬೇಕಾದವಳು ಅವಳು. ವ್ಯಾನಿನ ಬಾಗಿಲು ಹಾಕುವ ಮುಂಚೆ ಕಾಕಾನ ಪಾದ ಮುಟ್ಟಿ, ತಿರುಗಿ ಟವರಿನ ಕಡೆ ನಡೆದಳು.

ದಾರಿಯಲ್ಲಿ ಕಾಕಾ ಕಣ್ಣು ತೆರೆದರು. ನನ್ನ ಗುರುತು ಹತ್ತಿತು.

"ಕಸ್ತೂರೀ, ಭಾಳ ದಣದೀನವ್ವಾ."

"ಹೌದು ಕಾಕಾ."

"ಇಷ್ಟ್ಯಾಕ ದಣದೀನಿ? ಏನ್ ಮಾಡೀನಿ ಅಂತ ಇಷ್ಟು?"

ಅವರ ಹಣೆಯ ಮೇಲಿನ ಬಟ್ಟೆ ತಿರುವಿ ಹಾಕಿದೆ. ಊರ ಬಾಗಿಲಿಗೆ ಬರುವಷ್ಟರಲ್ಲಿ ಒಮ್ಮೆಗೇ ಎಲ್ಲ ಮನೆಗಳಿಂದ ಕೂಗು ಎದ್ದಿತು. ನಾನು ಬೆಚ್ಚಿಬಿದ್ದೆ. ಕರೆಂಟ್ ಬಂದಿತ್ತು. ಜನ ಬೀದಿಗೆ ಬಂದು ಕುಣಿಯುತ್ತಿದ್ದರು, ನಮ್ಮ ವ್ಯಾನಿನ ಮೇಲೆ ಬರೆದ ಕಂಪನಿ ಹೆಸರು ನೋಡಿ ಒಬ್ಬ ಹೆಂಗಸು ಎರಡೂ ಕೈ ಎತ್ತಿ ನಮಸ್ಕಾರ ಮಾಡಿದಳು. ಲಚಮಪ್ಪ ಹಾರ್ನ್ ಹೊಡೆಯುತ್ತಲೇ ಇದ್ದ. ಅವರು ಅದನ್ನೂ ಸಂತೋಷದ ಹಾರ್ನ್ ಅಂದುಕೊಂಡು ಕೈ ಬೀಸಿದರು. ಆಸ್ಪತ್ರೆ ಮುಟ್ಟುವ ಮುಂಚೆಯೇ ನನ್ನ ತೊಡೆಯ ಮೇಲಿನ ತಲೆ ಭಾರವಾಗಿತ್ತು.

ಸಂಜೆ ಕಾಕಾನ ಮನೆಯಲ್ಲಿ ಫ್ಯಾನು ಜೋರಾಗಿ ತಿರುಗುತ್ತಿತ್ತು. ಅದರ ಕೆಳಗೆ ಅವರನ್ನು ಮಲಗಿಸಿದ್ದರು, ಹೊದೆಸಿದ ಬಟ್ಟೆಯ ಅಂಚು ಹಾರಾಡುತ್ತಿತ್ತು. ನೀಲಕ್ಕನ ಫೋನು ಬಡಿದುಕೊಳ್ಳುತ್ತಲೇ ಇತ್ತು. ಮೇಲಿನವರು ಶಭಾಷ್ ಹೇಳುತ್ತಿದ್ದರು, ಪಟ್ಟಿ ಇಲ್ಲದಿದ್ದರೆ ಇಷ್ಟು ಬೇಗ ಆಗುತ್ತಿರಲಿಲ್ಲ ಅನ್ನುತ್ತಿದ್ದರು, ಒಬ್ಬರು ಹೋದದ್ದು ದುಃಖದ ವಿಷಯ ಅಂತಲೂ ಅಂದರು. ಅವಳು ಫೋನು ನನ್ನ ಕೈಗೆ ಕೊಟ್ಟು, ಚಪ್ಪಲಿ ಬಿಟ್ಟು ಒಳಗೆ ಹೋದಳು. ಗ್ಯಾಂಗಿನವರು ಬಾಗಿಲ ಹೊರಗೆ ಗೋಡೆಗೆ ಅಂಟಿಕೊಂಡು ನಿಂತಿದ್ದರು. "ಒಳಗ ಬರ್ರಿ," ಅಂತ ನೀಲಕ್ಕ ಅವರನ್ನೂ ಕರೆದಳು. ಬಂದರು.

ಕಲ್ಲಮ್ಮ ಅಳುತ್ತಿರಲಿಲ್ಲ. ಗಂಡನ ಕಾಲ ಹತ್ತಿರ ಕೂತಿದ್ದವರು ನೀಲಕ್ಕನನ್ನು ನೋಡಿ ಕೇಳಿದರು.

"ತಂಗೀ, ಒಂದು ಮಾತು ಕೇಳ್ತೀನಿ. ಇವತ್ತ ಮುಂಜಾನಿ ಇವರಿಗಿ ಹಾಸಗಿ ಬಿಟ್ಟು ಏಳ್ಲಾಕ ಆಗಲಿಲ್ಲ. ನಾನೇ ಕೈ ಹಿಡದು ಎಬ್ಬಸ್ದೆ. ಹೋಗಬ್ಯಾಡ್ರಿ ಅಂದೆ. ಹೋಗಿ ಕುಂದರ್ತೀನಿ, ಆಗ್ದಿದ್ರ ವಾಪಸ್ ಬರ್ತೀನಿ ಅಂದ್ರು. ಅಂಥವರು ದಿನಾ ಪೂರಾ ಟವರ್ ಹ್ಯಾಂಗ ಹತ್ತಿದರು?"

ನೀಲಕ್ಕ ಅವರ ಎದುರು ನೆಲದ ಮೇಲೆ ಕೂತಳು. ಸುಳ್ಳು ಹೇಳಬಹುದಿತ್ತು, ಯಾರು ಕೇಳುತ್ತಿದ್ದರು? ಅವಳು ಹೇಳಲಿಲ್ಲ.

"ಅವರ ದಣಿವು ನಾನು ತಗೊಂಡಿದ್ದೆ ಅವ್ವಾ. ಮುಂಜಾನಿ ಅವರು ನಿಂತಿದ್ದು ನೋಡ್ಲಾಕ ಆಗ್ಲಿಲ್ಲ. ಅರ್ಧ ತಗೊಂಡೆ. ಆಮ್ಯಾಲ ಅವರಿಗೆ ಒಮ್ಮಿಗೇ ಎಲ್ಲಾ ವಾಪಸ್ ಕೊಟ್ಟಾಕಿನೂ ನಾನೇ."

ಗೋಡೆಯ ಕಡೆಯಿಂದ ಗುರುನಾಥ ಅಂದ, "ನಾನೂ ತಗೊಂಡಿದ್ದೆ. ಅಕ್ಕಾ ತಗೊಂಡಾರಂತ ಗೊತ್ತಿದ್ದಿಲ್ಲ. ನನಗ ಕಂಡದ್ದರಾಗ ಅರ್ಧ ತಗೊಂಡೆ."

ಇಮಾಮ್‌ಸಾಬ್ ಟೋಪಿ ಕೈಯಲ್ಲಿ ಹಿಂಡುತ್ತಿದ್ದ. "ನಾನೂ, ಚಾಚಿ. ಚಹಾ ಕುಡಿಯೋವಾಗ."

ಲಚಮಪ್ಪ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ. "ನಾ ಕಡೀಗಿ ನೋಡ್ದೆ," ಅಂದ. "ಥೋಡೇ ಉಳದಿತ್ತು. ಅದಿಷ್ಟು ಯಾಕ ಅವರಿಗಿ ಅಂತ ನಾನೇ ತಗೊಂಡೆ."

ಅವರೂ ಒಬ್ಬರ ಮಾತನ್ನು ಒಬ್ಬರು ಮೊದಲ ಸಲ ಕೇಳುತ್ತಿದ್ದರು. ಇಮಾಮ್ ಗುರುನಾಥನ ಮುಖ ನೋಡಿದ, ಗುರುನಾಥ ನೀಲಕ್ಕನ ಮುಖ ನೋಡಿದ. ಕಲ್ಲಮ್ಮ ನಾಲ್ವರನ್ನೂ ಒಬ್ಬೊಬ್ಬರನ್ನಾಗಿ ನೋಡಿದರು. ಬೈಯುತ್ತಾರೆ ಅಂತ ನಾನು ಕಾದೆ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಗಂಡನ ಪಾದದ ಮೇಲೆ ಬಟ್ಟೆ ಸರಿಮಾಡಿ, ತಮಗೇ ಹೇಳಿಕೊಳ್ಳುವ ಹಾಗೆ ಮೆಲ್ಲಗೆ ಅಂದರು.

"ಒಬ್ಬರರೆ ಅವರಿಗಿ ಒಂದಿಷ್ಟು ಬಿಡಬೇಕಿತ್ತಲ್ರೋ. ದಣದು ಮನಿಗಿ ಬರ್ತಿದ್ರು."